ಜರ್ಮನಿಯಲ್ಲಿ ಓದುವಾಗ ಹಾಸ್ಟೆಲ್ ರೂಮಾ, ಶೇರಿಂಗ್ ಫ್ಲ್ಯಾಟಾ?

ನನ್ನ ಓಟು ಹಾಸ್ಟೆಲ್‌ಗೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಫ್ಲ್ಯಾಟಿಗೆ ಇಲ್ಲಿ ಪೂರ್ತಿ ನ್ಯಾಯ ಸಿಗುತ್ತದೆ ಅಂತ ನನಗೇ ನಂಬಿಕೆ ಇಲ್ಲ.

ರಜೆಯಲ್ಲಿ ಪೆರ್ಲಕ್ಕೆ ಬಂದಾಗಲೆಲ್ಲ ಇದೇ ಪ್ರಶ್ನೆ. ಈ ಸಲ ಬದಿಯಡ್ಕದ ಒಂದು ಮದುವೆ ಊಟದಲ್ಲಿ ಪಕ್ಕ ಕೂತ ಮಾವ ಒಬ್ಬರು ಪಾಯಸ ಬರುವ ಮೊದಲೇ ಶುರು ಮಾಡಿದರು. ಮಗಳಿಗೆ ಜರ್ಮನಿಯಲ್ಲಿ ಮಾಸ್ಟರ್ಸ್ ಸೀಟು ಸಿಕ್ಕಿದೆಯಂತೆ. "ಹಾಸ್ಟೆಲ್ ಆದ್ರೆ ಊಟ ಉಂಟಲ್ಲ? ವಾರ್ಡನ್ ಇರ್ತಾರಲ್ಲ?" ಎಂದು ಕೇಳಿದರು.

ಎರಡೂ ಇಲ್ಲ ಮಾವಾ. ಅಲ್ಲಿ ಹಾಸ್ಟೆಲ್‌ಗೆ ವೋನ್‌ಹೈಮ್ ಅನ್ನುತ್ತಾರೆ. ಹೆಚ್ಚಾಗಿ ಅದನ್ನು ನಡೆಸುವುದು ಯೂನಿವರ್ಸಿಟಿ ಅಲ್ಲ, ವಿದ್ಯಾರ್ಥಿಗಳ ಕ್ಯಾಂಟೀನ್ ನಡೆಸುವ ಬೇರೊಂದು ಸಂಸ್ಥೆ. ನಿಮಗೊಂದು ರೂಮು, ಇಡೀ ಮಹಡಿಗೆ ಒಂದು ಅಡುಗೆಮನೆ. ಎಷ್ಟು ಹೊತ್ತಿಗೆ ಬಂದಿರಿ, ಯಾರ ಜೊತೆ ಬಂದಿರಿ ಎಂದು ಕೇಳುವವರಿಲ್ಲ. ಇನ್ನೊಂದು ವೇಗೇ, ಅಂದರೆ ಮೂರು ನಾಲ್ಕು ಜನ ಸೇರಿ ಒಂದು ಫ್ಲ್ಯಾಟ್ ಮಾಡಿ ಒಬ್ಬೊಬ್ಬರು ಒಂದೊಂದು ರೂಮಲ್ಲಿ ಇರುವುದು. ನನಗೆ ಮೊದಲ ಸೆಮಿಸ್ಟರ್‌ಗೆ ಹಾಸ್ಟೆಲ್ ಸಿಗಲಿಲ್ಲ, ವೇಟಿಂಗ್ ಲಿಸ್ಟ್ ಉದ್ದ ಇತ್ತು. ಹಾಗಾಗಿ ಫ್ಲ್ಯಾಟ್ ಮೊದಲು, ಹಾಸ್ಟೆಲ್ ಆಮೇಲೆ.

ಫ್ಲ್ಯಾಟ್ ಬಗ್ಗೆ ನನ್ನ ಸಿಟ್ಟೆಲ್ಲ ಇರುವುದು ಒಂದು ಸಹಿಯ ಮೇಲೆ. ಜರ್ಮನಿಯಲ್ಲಿ ಹೊಸ ಮನೆಗೆ ಹೋದ ಎರಡು ವಾರದೊಳಗೆ ಊರಿನ ಕಚೇರಿಗೆ ಹೋಗಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆ ಕೊಟ್ಟವರು "ಇವರು ಇಂಥ ದಿನದಿಂದ ಇಲ್ಲಿದ್ದಾರೆ" ಎಂದು ಸಹಿ ಹಾಕಿದ ಒಂದು ಹಾಳೆ ಬೇಕು. 2015ರ ನವೆಂಬರ್‌ನಿಂದ ಈ ಸಹಿ ಕಾನೂನಿನ ಪ್ರಕಾರ ಕಡ್ಡಾಯ. ಕೊಡುವುದಿಲ್ಲ ಅನ್ನುವ ಹಾಗಿಲ್ಲ.

ನನಗೆ ರೂಮು ಕೊಟ್ಟವರು ಮನೆಯ ಓನರ್ ಅಲ್ಲ. ಅಲ್ಲಿ ಬಾಡಿಗೆಗೆ ಇದ್ದವರೇ ಇಂಟರ್ನ್‌ಶಿಪ್‌ಗೆ ಬೇರೆ ಊರಿಗೆ ಹೋಗುವಾಗ ತಮ್ಮ ರೂಮನ್ನು ಒಳಬಾಡಿಗೆಗೆ ಬಿಟ್ಟಿದ್ದರು. ಇದು ಅಲ್ಲಿ ತೀರಾ ಮಾಮೂಲಿ. ಫೋನಲ್ಲಿ ಮಾತಾಡುವಾಗ "ಪೇಪರ್ ತಾನೇ, ಬಂದ ಮೇಲೆ ಕೊಡ್ತೇನೆ" ಎಂದಿದ್ದರು. ಬಂದ ಮೇಲೆ ಇವತ್ತು ನಾಳೆ ಆಯಿತು. ಕೊನೆಗೆ ಹೊರಬಿದ್ದ ವಿಷಯ ಏನೆಂದರೆ, ಒಳಬಾಡಿಗೆಗೆ ಬಿಟ್ಟದ್ದು ಓನರ್‌ಗೆ ಗೊತ್ತೇ ಇರಲಿಲ್ಲ. ಸಹಿ ಹಾಕಿದರೆ ತಾವು ಸಿಕ್ಕಿಬೀಳುತ್ತೇವೆ ಎಂಬ ಹೆದರಿಕೆ.

ಒಂದು ಹಾಳೆ ಇಲ್ಲದಿದ್ದರೆ ಏನಾಯ್ತು ಅನ್ನಬೇಡಿ. ನೋಂದಣಿ ಆಗದಿದ್ದರೆ ಟ್ಯಾಕ್ಸ್ ನಂಬರ್ ಬರುವುದಿಲ್ಲ. ಅದಿಲ್ಲದೆ ಪಾರ್ಟ್‌ಟೈಮ್ ಕೆಲಸಕ್ಕೆ ಹೋದರೆ ಸಂಬಳದಲ್ಲಿ ಸಿಕ್ಕಾಪಟ್ಟೆ ಮುರಿಯುತ್ತಾರೆ. ನಾನು ಹಚ್ಚಿಸಿಕೊಂಡು ಹೋಗಿದ್ದ ವೀಸಾ ಕೆಲವೇ ತಿಂಗಳಿನದ್ದು. ಅದು ಮುಗಿಯುವ ಮೊದಲು ವಿದೇಶಿಯರ ಕಚೇರಿಯಲ್ಲಿ ರೆಸಿಡೆನ್ಸ್ ಪರ್ಮಿಟ್‌ಗೆ ಅರ್ಜಿ ಹಾಕಬೇಕು, ಅಲ್ಲಿ ಮೊದಲು ಕೇಳುವುದೇ ನೋಂದಣಿಯ ಚೀಟಿ. ರೂಮಿಗೆ ಬೀಗದ ಕೈ ಇದೆ, ಬಾಡಿಗೆ ಕಟ್ಟುತ್ತಿದ್ದೇನೆ, ಆದರೆ ಸರಕಾರದ ಲೆಕ್ಕದಲ್ಲಿ ನಾನು ಎಲ್ಲಿಯೂ ಇಲ್ಲ.

ಇದಕ್ಕೆ ಅಂಚೆಯ ಕಥೆ ಬೇರೆ. ನಮ್ಮಲ್ಲಿ ಮನೆ ಹೆಸರು, ಅಂಚೆ ಪೆರ್ಲ ಅಂತ ಬರೆದರೆ ಸಾಕು, ಕಾಗದ ತೋಟದ ಒಳಗಿನ ಮನೆಗೂ ಬರುತ್ತದೆ. ಅಲ್ಲಿ ಇಪ್ಪತ್ತು ಮನೆಗಳ ಕಟ್ಟಡಕ್ಕೂ ವಿಳಾಸದಲ್ಲಿ ಸಾಮಾನ್ಯವಾಗಿ ಫ್ಲ್ಯಾಟ್ ನಂಬರ್ ಇರುವುದಿಲ್ಲ. ಕೆಳಗೆ ಸಾಲಾಗಿ ಟಪಾಲು ಡಬ್ಬಿಗಳು, ಪ್ರತಿಯೊಂದರ ಮೇಲೆ ಬೆರಳಗಲದ ಹೆಸರಿನ ಪಟ್ಟಿ. ಆ ಪಟ್ಟಿಯಲ್ಲಿ ನಿಮ್ಮ ಸರ್‌ನೇಮ್ ಇಲ್ಲದಿದ್ದರೆ ಕಾಗದ ವಾಪಸ್. ನಾನು ನೋಟ್‌ಬುಕ್ಕಿನ ಹಾಳೆ ಹರಿದು, ಹೆಸರು ಬರೆದು, ಟೇಪ್ ಹಚ್ಚಿ ಅಂಟಿಸಿದೆ. ಫ್ಲ್ಯಾಟ್‌ನ ಇನ್ನೊಬ್ಬರು ಅದನ್ನು ಕಿತ್ತರು. ಓನರ್ ಕಣ್ಣಿಗೆ ಬಿದ್ದರೆ ಕಷ್ಟ ಅಂತ. ನಾನು ಮತ್ತೆ ಅಂಟಿಸಿದೆ. ಈ ಜಗಳದ ನಡುವೆ ನನ್ನ ಹೆಲ್ತ್ ಇನ್ಶೂರೆನ್ಸ್ ಕಾರ್ಡು ಬಂದ ದಾರಿಯಲ್ಲೇ ತಿರುಗಿ ಹೋಯಿತು. ಬ್ಯಾಂಕಿನ ಪಿನ್ ಕೂಡ.

ಹಾಸ್ಟೆಲ್‌ನಲ್ಲಿ? ಕರಾರಿನ ಜೊತೆಗೇ ಸಹಿ ಹಾಕಿದ ಹಾಳೆ ಕೈಗೆ ಬಂತು. ಟಪಾಲು ಡಬ್ಬಿಯ ಮೇಲೆ ನನ್ನ ಹೆಸರು ಮೊದಲೇ ಅಚ್ಚಾಗಿತ್ತು, ಒಂದು ಅಕ್ಷರ ತಪ್ಪು ಬಿಟ್ಟರೆ. ನನ್ನ ಓಟು ಅಲ್ಲಿಗೇ ಬಿತ್ತು.

ಇನ್ನು ದುಡ್ಡು. ವೀಸಾಕ್ಕೆ ಬ್ಲಾಕ್ಡ್ ಅಕೌಂಟ್‌ನಲ್ಲಿ ವರ್ಷಕ್ಕೆ 11,904 ಯೂರೋ ತೋರಿಸಬೇಕು, 2024ರ ಸೆಪ್ಟೆಂಬರ್‌ನಿಂದ ಇರುವ ಲೆಕ್ಕ ಅದು. ತಿಂಗಳಿಗೆ 992 ಯೂರೋ ಬಿಡಿಸಿಕೊಳ್ಳಬಹುದು. ನನ್ನದು ಅಪ್ಪನ ಅಡಿಕೆ ದುಡ್ಡು ಮತ್ತು ಬ್ಯಾಂಕ್ ಲೋನ್, ಅದರ ಮೇಲೆ ಒಂದು ಪೈಸೆ ಇಲ್ಲ. ಫ್ಲ್ಯಾಟ್‌ನ ಬಾಡಿಗೆ 390 ಯೂರೋ, ಕರೆಂಟು ಮತ್ತು ಇಂಟರ್ನೆಟ್ ಬೇರೆ. ಹಾಸ್ಟೆಲ್ 285, ಹೀಟಿಂಗ್, ನೀರು, ಕರೆಂಟು, ಇಂಟರ್ನೆಟ್ ಎಲ್ಲ ಸೇರಿ. ಫ್ಲ್ಯಾಟ್‌ನಲ್ಲಿ ಸಾಮಾನ್ಯವಾಗಿ ಹೀಟಿಂಗ್‌ನ ಲೆಕ್ಕ ವರ್ಷದ ಕೊನೆಗೆ ಆಗುತ್ತದೆ. ಕಟ್ಟಿದ್ದಕ್ಕಿಂತ ಜಾಸ್ತಿ ಸುಟ್ಟಿದ್ದರೆ ಬಾಕಿ ಬಿಲ್ಲು ಬರುತ್ತದೆ. ನವೆಂಬರ್‌ನಲ್ಲಿ ಚಳಿಗೆ ನಡುಗುತ್ತಾ ರೇಡಿಯೇಟರ್ ತಿರುಗಿಸಲೋ ಬೇಡವೋ ಎಂದು ಯೋಚಿಸುವ ಕರ್ಮ ಹಾಸ್ಟೆಲ್‌ನಲ್ಲಿ ಇಲ್ಲ. ಡೆಪಾಸಿಟ್ ಕೂಡ ಹಾಗೆ. ಹೀಟಿಂಗ್ ಬಿಟ್ಟು ಬರೀ ಬಾಡಿಗೆಯ ಮೂರು ತಿಂಗಳಿನಷ್ಟನ್ನು ಓನರ್ ಕೇಳಬಹುದು, ನನಗೆ ಒಳಬಾಡಿಗೆಗೆ ಕೊಟ್ಟವರೂ ಅಷ್ಟೂ ಕೇಳಿದ್ದರು. ಹಾಸ್ಟೆಲ್‌ನಲ್ಲಿ ಅದರ ಅರ್ಧವೂ ಇರಲಿಲ್ಲ.

ಒಂದು ಲೆಕ್ಕದಲ್ಲಿ ಮಾತ್ರ ಫ್ಲ್ಯಾಟ್ ಗೆದ್ದಿತು. ಟಿವಿ, ರೇಡಿಯೋ ಶುಲ್ಕ ಅಂತ ಒಂದು ಉಂಟು, ಮನೆಗೆ ತಿಂಗಳಿಗೆ 18.36 ಯೂರೋ. ಟಿವಿ ಇಲ್ಲದಿದ್ದರೂ ಬಿಡುವುದಿಲ್ಲ. ವಿಳಾಸ ನೋಂದಣಿ ಆಯಿತೋ, ಅವರ ಕಾಗದ ಬಂತು ಎಂದೇ ಲೆಕ್ಕ. ಫ್ಲ್ಯಾಟ್‌ನಲ್ಲಿ ಮೂವರಿದ್ದರೆ ಮೂರು ಪಾಲು. ಹಾಸ್ಟೆಲ್‌ನಲ್ಲಿ ಕಾರಿಡಾರಿಗೆ ಬಾಗಿಲಿರುವ ಒಂದೊಂದು ರೂಮೂ ಒಂದೊಂದು ಮನೆ! ಪೂರ್ತಿ ನೀವೇ ಕಟ್ಟಬೇಕು.

ಅಡುಗೆಮನೆ ಫ್ಲ್ಯಾಟ್‌ನದ್ದೇ ಚಂದ, ಒಪ್ಪುತ್ತೇನೆ. ತೊಳೆದು ಒರೆಸಿ ಇಟ್ಟಿರುತ್ತಾರೆ. ಆದರೆ ಇಂಗು, ಸಾಸಿವೆ ಒಗ್ಗರಣೆ ಹಾಕಿದ ಕೂಡಲೇ ಡಿಸೆಂಬರ್ ಚಳಿಯಲ್ಲೂ ಒಬ್ಬರು ಎದ್ದು ಬಂದು ಮಾತಿಲ್ಲದೆ ಎರಡೂ ಕಿಟಕಿ ತೆರೆಯುತ್ತಿದ್ದರು. ಹಾಸ್ಟೆಲ್ ಅಡುಗೆಮನೆ ಕೊಳಕು. ಸಿಂಕ್‌ನಲ್ಲಿ ಯಾರದ್ದೋ ಪಾಸ್ತಾ ಪಾತ್ರೆ ಮೂರು ದಿನ ನೆನೆಯುತ್ತದೆ. ಆದರೆ ಅಲ್ಲಿ ಒಬ್ಬರ ಒಗ್ಗರಣೆ, ಇನ್ನೊಬ್ಬರ ಮೀನು, ಮತ್ತೊಬ್ಬರ ಬೆಳ್ಳುಳ್ಳಿ ಎಲ್ಲ ಕೂಡಿ ಯಾರ ವಾಸನೆ ಯಾರದ್ದೆಂದೇ ಗೊತ್ತಾಗುವುದಿಲ್ಲ. ಹನ್ನೆರಡು ಜನಕ್ಕೆ ನಾಲ್ಕು ಒಲೆ. ಏಷ್ಯನ್ ಅಂಗಡಿಯಲ್ಲಿ ಕೇರಳದ ಮಟ್ಟ ಅಕ್ಕಿ ಸಿಗುತ್ತದೆ, ಆದರೆ ಅದು ಬೇಯುವಷ್ಟರಲ್ಲಿ ಉಳಿದವರು ಊಟ ಮುಗಿಸಿ ಮಲಗಿರುತ್ತಾರೆ. ಸಂಜೆ ಏಳಕ್ಕೆ ಒಂದು ಒಲೆ ಹಿಡಿದು ನಿಂತರೆ ಎಲ್ಲರ ಕಣ್ಣೂ ನಿಮ್ಮ ಮೇಲೆ. ನಾನು ರಾತ್ರಿ ಹತ್ತರ ಮೇಲೆ ಗಂಜಿಗೆ ಇಡುತ್ತೇನೆ. ಆಗ ಮಿಕ್ಸಿ ಹಾಕುವ ಹಾಗಿಲ್ಲ, ಹತ್ತರಿಂದ ಬೆಳಿಗ್ಗೆ ಆರರವರೆಗೆ ಸದ್ದು ಮಾಡಬಾರದು. ಗಂಜಿಗೆ ಮಿಕ್ಸಿ ಬೇಡವಲ್ಲ. (ಅಮ್ಮಂದಿರಿಗೆ ಒಂದು ಮಾತು: ತುಪ್ಪ ಕಟ್ಟಿ ಕೊಡಬೇಡಿ. ಹೊರಗಿಂದ ಹಾಲಿನ ಪದಾರ್ಥ ತರಲು ಅಲ್ಲಿ ಬಿಡುವುದಿಲ್ಲ.)

ಜರ್ಮನ್ ಕಲಿಯಲು ಫ್ಲ್ಯಾಟೇ ಮೇಲು. ಎರಡು ಮಾತಿಲ್ಲ. ಹಾಸ್ಟೆಲ್‌ನಲ್ಲಿ ಎಲ್ಲರದ್ದೂ ಇಂಗ್ಲಿಷ್. ನಮ್ಮ ಮಹಡಿಯಲ್ಲಂತೂ ಕೊಟ್ಟಾಯಂನವರ ಜೊತೆ ಮಲಯಾಳ, ಹಾಸನದವರ ಜೊತೆ ಕನ್ನಡ, ನನಗೆ ಊರು ಬಿಟ್ಟ ಹಾಗೇ ಅನಿಸುವುದಿಲ್ಲ.

ಖಾಸಗಿ ಸ್ಟುಡಿಯೋಗಳೂ ಇವೆ. ಬಾಡಿಗೆ ನೋಡಿದೆ, ಪುಟ ಮುಚ್ಚಿದೆ.

ಹಾಸ್ಟೆಲ್‌ಗೆ ಅಡ್ಮಿಷನ್ ಪತ್ರ ಬಂದ ದಿನವೇ ಅರ್ಜಿ ಹಾಕಿ. ಕೆಲವು ಕಡೆ ಪತ್ರಕ್ಕೆ ಮೊದಲೂ ಹಾಕಬಹುದು. ಬೀಗದ ಕೈ ಕೊಡುವುದು ಕೆಲಸದ ದಿನ, ಕಚೇರಿ ಹೊತ್ತಿನಲ್ಲಿ ಮಾತ್ರ. ಮಂಗಳೂರಿಂದ ಟಿಕೆಟ್ ಮಾಡುವಾಗ ಶುಕ್ರವಾರ ರಾತ್ರಿ ತಲುಪುವ ಹಾಗೆ ಮಾಡಬೇಡಿ. ಅಕ್ಟೋಬರ್ 3 ದೇಶಕ್ಕೇ ರಜೆ, ಅದನ್ನೂ ನೋಡಿಕೊಳ್ಳಿ. ಫ್ಲ್ಯಾಟೇ ಗತಿಯಾದರೆ, "ನಾನು ಈಗ ಬೇರೆ ದೇಶದಲ್ಲಿದ್ದೇನೆ, ದುಡ್ಡು ಹಾಕಿ, ಬೀಗದ ಕೈ ಅಂಚೆಯಲ್ಲಿ ಕಳಿಸ್ತೇನೆ" ಅನ್ನುವವರಿಗೆ ಒಂದು ಯೂರೋ ಕಳಿಸಬೇಡಿ. ಅದು ಮೋಸ. ನಿಜವಾದ ರೂಮಾದರೆ ನೋಂದಣಿಯ ಸಹಿ ಕೊಡುತ್ತೇವೆ ಎಂದು ಕರಾರಿನಲ್ಲೇ ಬರೆಸಿ.

ಮಾವನ ಮಗಳಿಗೂ ಇದನ್ನೇ ಹೇಳಿದೆ. ಅವಳು ಕೇಳಿದ್ದು ಒಂದೇ, ಎರಡನೇ ವರ್ಷ ಫ್ರೆಂಡ್ಸ್ ಜೊತೆ ಫ್ಲ್ಯಾಟ್ ಮಾಡಬಹುದಾ ಅಂತ. ಮಾಡಬಹುದು. ಆಗ ಓನರ್ ಜೊತೆಗಿನ ಕರಾರಿನಲ್ಲಿ ಎಲ್ಲರ ಹೆಸರೂ ಇರಲಿ.