‘ಹೆಬ್ಬೆಟ್ಟು ಬರಲಿಲ್ಲ, ಇನ್ನೊಮ್ಮೆ ಒತ್ತಿ’ ಎಂದರೆ ಒತ್ತಬೇಡಿ

ಶಿರಸಿ ಪೇಟೆಯಲ್ಲಿ ಕೊಡೆಯ ಕೆಳಗೆ ಮೇಜು ಹಾಕಿಕೊಂಡು ಸಿಮ್ ಮಾರುವವರು, ಒಮ್ಮೆ ನಿಮ್ಮ ಬೆರಳಚ್ಚು ಪಡೆದ ಮೇಲೆ, ‘ಹೆಬ್ಬೆಟ್ಟು ಬರಲಿಲ್ಲ, ಇನ್ನೊಮ್ಮೆ ಒತ್ತಿ’ ಎಂದರೆ ದಯವಿಟ್ಟು ಒತ್ತಬೇಡಿ. ನಾನು ಒತ್ತಿದೆ. ಆ ಎರಡನೆಯ ಒತ್ತಿನಿಂದ ನನ್ನ ಹೆಸರಿನಲ್ಲಿ ಹುಟ್ಟಿಕೊಂಡ ಇನ್ನೊಂದು ಮೊಬೈಲ್ ಸಂಖ್ಯೆಯಿಂದ ಯಾರೋ ಹೊರರಾಜ್ಯದ ಒಬ್ಬರಿಗೆ ಮನೆಯಲ್ಲಿ ಕುಳಿತು ಮಾಡುವ ಕೆಲಸದ ಆಸೆ ತೋರಿಸಿ ಹಣ ನುಂಗಿದ್ದಾರೆ. 31 ವರ್ಷ ಮಕ್ಕಳಿಗೆ ಗಣಿತ ಕಲಿಸಿ ನಿವೃತ್ತನಾದ ನಾನು ಈ ವಯಸ್ಸಿನಲ್ಲಿ ಪೊಲೀಸರ ಮುಂದೆ ಕುಳಿತು ‘ಆ ಸಂಖ್ಯೆ ನನ್ನದಲ್ಲ’ ಎಂದು ಹೇಳಬೇಕಾಗಿ ಬಂತು.

ನಮ್ಮ ಮನೆ ಪೇಟೆಯಿಂದ ಸಾಕಷ್ಟು ಒಳಗಿದೆ, ಮಳೆಗಾಲದಲ್ಲಿ ಕರೆಂಟು ಹೋದರೆ ಅದರ ಹಿಂದೆಯೇ ಟವರೂ ಹೋಗುತ್ತದೆ. ಆದ್ದರಿಂದ ಇದ್ದ ಸಂಖ್ಯೆಯನ್ನೇ ಉಳಿಸಿಕೊಂಡು ಕಂಪನಿ ಬದಲಾಯಿಸೋಣವೆಂದು ಶ್ರಾವಣದಲ್ಲಿ ಹಳೇ ಬಸ್ ನಿಲ್ದಾಣದ ಕಡೆ ಕಂಡ ಒಂದು ಮೇಜಿನ ಮುಂದೆ ಕುಳಿತೆ. 1900ಕ್ಕೆ ಸಂದೇಶ ಕಳಿಸಿ ಬಂದ ಕೋಡ್ ಕೊಟ್ಟದ್ದು, ಆಧಾರ್ ಸಂಖ್ಯೆ ಹೇಳಿದ್ದು, ಹುಡುಗ ಫೋಟೊ ತೆಗೆದದ್ದು, ಎಲ್ಲವೂ ಎಲ್ಲರಿಗೂ ಆಗುವ ಹಾಗೆಯೇ ಆಯಿತು. ಹೆಬ್ಬೆಟ್ಟು ಒತ್ತಿದೆ. ಹುಡುಗ ಫೋನನ್ನೇ ನೋಡುತ್ತ, ‘ಛೆ, ಬರಲಿಲ್ಲ ಮಾಸ್ತರೇ, ಸರ್ವರ್ ನಿಧಾನ ಇದೆ, ಇನ್ನೊಮ್ಮೆ ಒತ್ತಿ’ ಎಂದ. ಫೋಟೊದಲ್ಲಿ ಕಣ್ಣು ಮುಚ್ಚಿದ ಹಾಗೆ ಬಂದಿದೆ ಎಂದು ಅದನ್ನೂ ಇನ್ನೊಮ್ಮೆ ತೆಗೆದ.

ನನಗೆ ಒಂದಿನಿತೂ ಸಂಶಯ ಬರಲಿಲ್ಲ, ಏಕೆಂದರೆ ನಮ್ಮ ಕಡೆ ಹೆಬ್ಬೆಟ್ಟು ಒಂದೇ ಸಲಕ್ಕೆ ಬಂದರೆ ಅದೇ ಆಶ್ಚರ್ಯ. ಮೆಟ್ಟುಗತ್ತಿಯ ಮುಂದೆ ಕುಳಿತು ವರ್ಷಗಟ್ಟಲೆ ಅಡಿಕೆ ಸುಲಿದವರ ಬೆರಳಿನಲ್ಲಿ ಗೆರೆ ಎಲ್ಲಿ ಉಳಿದಿರುತ್ತದೆ? ನ್ಯಾಯಬೆಲೆ ಅಂಗಡಿಯಲ್ಲಿ ಬೆರಳನ್ನು ಪಂಚೆಗೆ ಒರೆಸಿ, ಊದಿ, ನಾಲ್ಕು ಸಲ ಒತ್ತಿ ಅಕ್ಕಿ ತಂದವನು ನಾನು. ಆ ಹುಡುಗನಿಗೆ ಇದು ಚೆನ್ನಾಗಿ ಗೊತ್ತಿತ್ತು. ನನ್ನ ಬೆರಳನ್ನು ಹಿಡಿದು ನೋಡಿ, ‘ಅಡಿಕೆ ಕೆಲಸದವರದ್ದು ಯಾವಾಗಲೂ ಹೀಗೇ’ ಎಂದು ನಕ್ಕ. ನಾನೂ ನಕ್ಕೆ. ಆ ನಗುವೇ ಈಗ ನನಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚುತ್ತಿದೆ.

ಮೂರು ತಿಂಗಳ ನಂತರ ಹಿಂದಿಯಲ್ಲಿ ಮಾತನಾಡುವ ಒಬ್ಬರು ತಾವು ಪೊಲೀಸ್ ಎಂದು ಕರೆ ಮಾಡಿದರು. ಪೊಲೀಸರೆಂದು ಹೇಳಿಕೊಂಡು ಫೋನಿನಲ್ಲೇ ಹೆದರಿಸಿ ಹಣ ಕೀಳುವ ‘ಡಿಜಿಟಲ್ ಅರೆಸ್ಟ್’ ಎಂಬ ಮೋಸದ ಬಗ್ಗೆ ಓದಿಕೊಂಡಿದ್ದ ಬುದ್ಧಿವಂತ ನಾನು, ಮೂರು ಸಲವೂ ಕರೆ ಕತ್ತರಿಸಿ, ಮನೆಯವರ ಮುಂದೆ ಬೀಗಿದೆ. ಆಮೇಲೆ ಸ್ಥಳೀಯ ಠಾಣೆಯಿಂದಲೇ ಬುಲಾವ್ ಬಂದಾಗ ತಿಳಿಯಿತು, ಕರೆ ಮಾಡಿದವರು ನಿಜವಾದ ಪೊಲೀಸರೇ.

ಅಕ್ಕನ ಮಗಳು ಬಂದು ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣ ತೆರೆದು ನನ್ನ ಹೆಸರಿನಲ್ಲಿರುವ ಸಂಖ್ಯೆಗಳನ್ನು ತೋರಿಸಿದಳು. 2023ರ ಮೇ ತಿಂಗಳಿನಿಂದ ಎಲ್ಲರಿಗೂ ಉಚಿತವಾಗಿ ಸಿಗುತ್ತಿರುವ ಈ ಸೌಲಭ್ಯದ ಹೆಸರನ್ನೇ ನಾನು ಕೇಳಿರಲಿಲ್ಲ. ಒಂದು ಇರಬೇಕಾದಲ್ಲಿ ಎರಡಿತ್ತು. ಬಳಿಕ ಅವಳು ಆಧಾರ್ ಜಾಲತಾಣದಲ್ಲಿ ದೃಢೀಕರಣದ ಇತಿಹಾಸವನ್ನು ತೆರೆದಳು. ನಮ್ಮ ಆಧಾರ್ ಎಲ್ಲೆಲ್ಲಿ, ಯಾವ ಹೊತ್ತಿಗೆ, ಬೆರಳಚ್ಚಿನಿಂದಲೋ ಒಟಿಪಿಯಿಂದಲೋ ಬಳಕೆಯಾಯಿತು ಎಂಬುದು ಅಲ್ಲಿ ಹಿಂದಿನ 6 ತಿಂಗಳವರೆಗೆ ಕಾಣಿಸುತ್ತದೆ. ಶ್ರಾವಣದ ಆ ದಿನದ ಎದುರು ನಾಲ್ಕು ನಿಮಿಷದ ಅಂತರದಲ್ಲಿ ಎರಡು ಸಾಲುಗಳಿದ್ದವು. ಎರಡೂ ಬೆರಳಚ್ಚು. ಎರಡೂ ಯಶಸ್ವಿ. ‘ಬರಲಿಲ್ಲ’ ಎಂದು ಆತ ಹೇಳಿದ ಮೊದಲನೆಯ ಹೆಬ್ಬೆಟ್ಟೂ ಸರಿಯಾಗಿಯೇ ಬಂದಿತ್ತು! ನಾನು ನೆಲ ನೋಡುತ್ತ ಕುಳಿತೆ. ಒಟಿಪಿಯನ್ನು ಯಾರಿಗೂ ಹೇಳಬೇಡಿ ಎಂದು ಕೇರಿಯವರಿಗೆಲ್ಲ ಉಪದೇಶ ಮಾಡುತ್ತಿದ್ದ ನಾನು ಹೆಬ್ಬೆಟ್ಟನ್ನು ಮಾತ್ರ ಕೇಳಿದವರಿಗೆಲ್ಲ ಚಾಚಿದ್ದೆ.

ಇನ್ನು ಅವರ ಉತ್ತರಗಳನ್ನು ಕೇಳಿ. ಹುಡುಗನ ಫೋನ್ ಎರಡು ದಿನದ ನಂತರ ಸಿಕ್ಕಿತು. ‘ನೀವೇ ಒತ್ತಿದ್ದಲ್ಲವೇ ಸರ್? ನಾನೇನು ನಿಮ್ಮ ಕೈ ಹಿಡಿದು ಒತ್ತಿಸಿದೆನೇ?’ ಎಂದ. ಶ್ರಾವಣದಲ್ಲಿ ‘ಮಾಸ್ತರೇ’ ಆಗಿದ್ದವನು ಈಗ ಬರೀ ‘ಸರ್’ ಆಗಿದ್ದೆ. ಆತನನ್ನು ಮೇಜಿಗೆ ಕೂರಿಸಿದ್ದ ಅಂಗಡಿಯವರು, ಅವನು ತಮ್ಮ ನೌಕರನೇ ಅಲ್ಲ, ಕಮಿಷನ್ನಿನ ಮೇಲೆ ಬಂದವನು, ಈಗ ಬಿಟ್ಟುಹೋಗಿದ್ದಾನೆ ಎಂದು ಹೇಳಿ, ‘ದೂರು ಕೊಟ್ಟರೆ ನಿಮಗೇ ಓಡಾಟ, ವಯಸ್ಸಾದವರು ಸುಮ್ಮನಿದ್ದುಬಿಡಿ’ ಎಂಬ ಹಿತವಚನವನ್ನೂ ಸೇರಿಸಿದರು. ಕಂಪನಿಯ ಸಹಾಯವಾಣಿಯವರದು ಎಲ್ಲಕ್ಕಿಂತ ಮಿಗಿಲು: ‘ನಮ್ಮ ದಾಖಲೆಯಲ್ಲಿ ನಿಮ್ಮ ಬೆರಳಚ್ಚು ಸರಿಯಾಗಿ ತಾಳೆಯಾಗಿದೆ, ಆದ್ದರಿಂದ ಆ ಸಂಪರ್ಕ ನಿಮ್ಮದೇ.’ ಮೇಜಿನ ಮುಂದೆ ತಾಳೆಯಾಗದ ಬೆರಳು ಅವರ ದಾಖಲೆಯಲ್ಲಿ ಎರಡೆರಡು ಸಲ ತಾಳೆಯಾಗಿತ್ತು.

ಸುಮ್ಮನಿರಲಿಲ್ಲ. ಸಂಚಾರ್ ಸಾಥಿಯಲ್ಲಿ ‘ನನ್ನ ಸಂಖ್ಯೆಯಲ್ಲ’ ಎಂದು ಗುರುತು ಹಾಕಿ, ಸೈಬರ್ ಅಪರಾಧದ ರಾಷ್ಟ್ರೀಯ ಜಾಲತಾಣದಲ್ಲಿ ದೂರು ದಾಖಲಿಸಿ, ಘಟ್ಟ ಇಳಿದು ಕಾರವಾರದ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಠಾಣೆಗೂ ಹೋಗಿ ಬಂದೆ. ಬೇರೆಯವರ ಗುರುತನ್ನು ಮೋಸದಿಂದ ಬಳಸುವುದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಲ್ಲಿ 3 ವರ್ಷಗಳವರೆಗೆ ಸೆರೆವಾಸ ಮತ್ತು 1 ಲಕ್ಷ ರೂಪಾಯಿವರೆಗೆ ದಂಡವಿದೆ. ಅಂಗಡಿಯವರಿಗೆ ಇದನ್ನು ಹೇಳಿದಾಗ ಅವರ ದನಿ ಸ್ವಲ್ಪ ತಗ್ಗಿತು, ಅಷ್ಟೇ.

ನೀವು ಇಂದೇ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದು ನೋಡಿಕೊಳ್ಳಿ. ಒಬ್ಬರ ಹೆಸರಿನಲ್ಲಿ 9 ಇರಬಹುದಾದ್ದರಿಂದ ಎರಡನೆಯದು ಬಂದಾಗ ಯಾವ ಗಂಟೆಯೂ ಬಾರಿಸುವುದಿಲ್ಲ. ಸಿಮ್ ಬೇಕಾದರೆ ಕಂಪನಿಯ ಸ್ವಂತ ಮಳಿಗೆಗೆ ಹೋಗಿ, ಬಸ್ಸಿನ ಖರ್ಚು ಆಗಲಿ. ಹೆಬ್ಬೆಟ್ಟು ಬರಲಿಲ್ಲ ಎಂದವರಿಗೆ ಪರದೆಯನ್ನು ತಿರುಗಿಸಿ ತೋರಿಸಲು ಹೇಳಿ, ತೋರಿಸದಿದ್ದರೆ ಎದ್ದು ಬನ್ನಿ. ಆಧಾರ್‌ನ ಬಯೋಮೆಟ್ರಿಕ್ ಲಾಕ್ ಮಾಡಿಡಿ, ಅಂದರೆ ನೀವೇ ತೆರೆಯುವವರೆಗೆ ನಿಮ್ಮ ಬೆರಳಚ್ಚು ಎಲ್ಲಿಯೂ ನಡೆಯದಂತೆ ಬೀಗ ಹಾಕಿಡಿ. ಆಧಾರ್ ಜೋಡಿಸಿದ ಬ್ಯಾಂಕ್ ಖಾತೆಯಿಂದ ಬರೀ ಬೆರಳಚ್ಚಿನಿಂದಲೇ, ಒಟಿಪಿ ಇಲ್ಲದೆ, ಹಣ ತೆಗೆಯುವ ವ್ಯವಸ್ಥೆ ಇರುವುದರಿಂದ ನನಗೆ ಇದು ಸಿಮ್ಮಿಗೆ ಮುಗಿದದ್ದೇ ಪುಣ್ಯ. ಲಾಕ್ ಮಾಡಿದ ಮೇಲೆ ಪಡಿತರಕ್ಕೆ ಹೋದಾಗಲೆಲ್ಲ ತೆರೆಯಬೇಕು, ನಮ್ಮ ಊರಿನ ನೆಟ್‌ವರ್ಕಿನಲ್ಲಿ ಅದು ತಲೆನೋವು, ಆದರೂ ಮಾಡಿದ್ದೇನೆ.

ಆ ಸಂಖ್ಯೆ ಈಗ ಸ್ಥಗಿತವಾಗಿದೆ, ಪ್ರಕರಣ ಮುಗಿದಿಲ್ಲ. ಮುಂದಿನ ಸಲ ಕಾರವಾರಕ್ಕೆ ಕರೆದಾಗ ಆ ಎರಡು ಸಾಲುಗಳಿರುವ ಪುಟವನ್ನು ಒಯ್ಯಬೇಕು. 6 ತಿಂಗಳು ಕಳೆದರೆ ಜಾಲತಾಣದಲ್ಲಿ ಅದು ಕಾಣಿಸುವುದಿಲ್ಲವಾದ್ದರಿಂದ ಮೊನ್ನೆಯೇ ಮೂರು ಜೆರಾಕ್ಸ್ ತೆಗೆಸಿಟ್ಟುಕೊಂಡೆ, ಯಂತ್ರದ ಪಕ್ಕದಲ್ಲೇ ನಿಂತು, ನಾಲ್ಕನೆಯದು ಹೊರಬರಲಿಲ್ಲವೆಂದು ಎಣಿಸಿಕೊಂಡು.