ಸ್ಕೇಲ್ ಚೇಂಜರ್ ಇಲ್ಲದ ಪೇಟಿ: 24 ವರ್ಷ ನುಡಿಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನಾನು ವೇದಿಕೆ ಕಲಾವಿದೆ ಅಲ್ಲ. ಹೈಸ್ಕೂಲಿನಲ್ಲಿ ಕ್ಲರ್ಕ್ ಆಗಿದ್ದೆ, ಈಗ ನಿವೃತ್ತಿ ಆಗಿದೆ. ಶನಿವಾರ ಹನುಮಪ್ಪನ ಗುಡಿಯ ಭಜನೆಯಲ್ಲಿ, ಶ್ರಾವಣ ಬಂತೆಂದರೆ ತಿಂಗಳಿಡೀ, ಉಳಿದ ದಿನ ಮನೆಯಲ್ಲಿ ಸುಮ್ನೆ ನನ್ನ ಖುಷಿಗೆ ಹಾರ್ಮೋನಿಯಂ ನುಡಿಸುತ್ತೇನೆ. ನಮ್ಮ ಧಾರವಾಡದ ಕಡೆ ಅದಕ್ಕೆ ಪೇಟಿ ಅನ್ನುತ್ತಾರೆ. ಹಾಗಾಗಿ ಇದು ಭಜನೆಗೆ ಕೂರುವವರಿಗೆ, ಮನೆಯಲ್ಲಿ ಕಲಿಯುವವರಿಗೆ ಬರೆದ ವಿಮರ್ಶೆ.

2001ರಲ್ಲಿ ಸಂಬಳದ ಬಾಕಿ ಒಟ್ಟಿಗೆ ಕೈಗೆ ಬಂತು. ಹುಬ್ಬಳ್ಳಿಗೆ ಹೋಗಿ 4,800 ರೂಪಾಯಿ ಕೊಟ್ಟು ಈ ಪೇಟಿ ತಂದೆ. 39 ಕೀ, ಸಪ್ತಕಕ್ಕೆ ಹನ್ನೆರಡರಂತೆ ಸವಾ ಮೂರು ಸಪ್ತಕ. ಡಬಲ್ ರೀಡ್, ಅಂದರೆ ಒಂದೊಂದು ಕೀಗೂ ನಾದ ಹೊರಡಿಸುವ ಎರಡು ನಾಲಿಗೆ, ಹಾಗಾಗಿ ಒಳಗೆ 78 ರೀಡ್. ಸಾಗವಾನಿ ಪೆಟ್ಟಿಗೆ, ಎತ್ತಿದರೆ ಒಂಬತ್ತು ಕಿಲೋ. ಸ್ಕೇಲ್ ಚೇಂಜರ್, ಅಂದರೆ ಶ್ರುತಿ ಬದಲಿಸುವ ಸೌಕರ್ಯ, ಇರುವುದಕ್ಕೆ ಹೆಚ್ಚುಕಡಿಮೆ ಎರಡು ಪಟ್ಟು ಬೆಲೆ ಹೇಳಿದರು. ನನ್ನ ಹತ್ತಿರ ಅಷ್ಟಿರಲಿಲ್ಲ. ಅದನ್ನು ಬೇಡ ಅಂದದ್ದು ಜಾಣತನದಿಂದ ಅಲ್ಲ, ದುಡ್ಡಿಲ್ಲದೆ.

ಆಗ ನನಗೆ 36 ವರ್ಷ. ಅಷ್ಟು ತಡ ಯಾಕೆ ಅಂದರೆ, ಅಪ್ಪನ ಭಜನಾ ಮಂಡಳಿಯ ಪೇಟಿಯನ್ನು ಹುಡುಗಿ ಮುಟ್ಟಬಾರದು ಅಂತ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಆದರೆ ನಾನು ಹತ್ತಿರ ಹೋದ ಕೂಡಲೇ ಯಾರಾದರೊಬ್ಬರು ಮುಚ್ಚಳ ಹಾಕುತ್ತಿದ್ದರು. ನನಗೆ ಸಿಕ್ಕ ಕೆಲಸ ತಿದಿ ಹಾಕುವುದು. ಮನೆಯಲ್ಲಿ ಅಪ್ಪ ಎರಡೂ ಕೈಯಲ್ಲಿ ನುಡಿಸಬೇಕು ಅಂದಾಗ ನಾನು ಹಿಂದೆ ಕೂತು ಗಾಳಿ ಹಾಕುತ್ತಿದ್ದೆ. ಕಂಪನಿ ನಾಟಕದ ಕಾಲು ಪೇಟಿಯಲ್ಲಿ ಮಾಸ್ತರರೇ ತುಳಿದು ಗಾಳಿ ಹಾಕಿಕೊಳ್ಳುತ್ತಿದ್ದರಲ್ಲ, ಅಪ್ಪನ ಮಟ್ಟಿಗೆ ಆ ಕಾಲು ನಾನೇ. ಅಸಲಿಗೆ ಈ ವಾದ್ಯ ಹುಟ್ಟಿದ್ದೇ ಹಾಗೆ. 1842ರಲ್ಲಿ ಪ್ಯಾರಿಸ್‌ನ ಅಲೆಕ್ಸಾಂಡ್ರ್ ದೆಬೇನ್ ಪೇಟೆಂಟ್ ಪಡೆದದ್ದು ಕಾಲಲ್ಲಿ ತುಳಿಯುವ ಹಾರ್ಮೋನಿಯಂಗೆ. ನೆಲದ ಮೇಲೆ ಕೂತು ನುಡಿಸುವ ಕೈ ಪೇಟಿಯನ್ನು 1875ರ ಸುಮಾರಿಗೆ ಮಾಡಿದವರು ಕೋಲ್ಕತ್ತದ ದ್ವಾರಕಾನಾಥ ಘೋಷ್. ಅಲ್ಲಿಂದ ಮುಂದೆ ಒಂದು ಕೈ ಗಾಳಿಗೆ, ಒಂದು ಕೈ ಸ್ವರಕ್ಕೆ. ನನ್ನ ಎಡಗೈ ಬಲಗೈಗಿಂತ ಇಪ್ಪತ್ತೈದು ವರ್ಷ ಸೀನಿಯರ್.

ಈಗ ಸ್ಕೇಲ್ ಚೇಂಜರ್ ವಿಷಯ. ಹೊಸದಾಗಿ ಕೊಳ್ಳುವವರೆಲ್ಲ ಮೊದಲು ಕೇಳುವುದು ಇದನ್ನೇ. ಅದರಲ್ಲಿ ಕೀಗಳ ಪಟ್ಟಿಯನ್ನೇ ಆಚೆ ಈಚೆ ಸರಿಸಬಹುದು. ಬೆರಳು ಹಳೇ ಜಾಗದಲ್ಲೇ ಓಡುತ್ತದೆ, ಶ್ರುತಿ ಮಾತ್ರ ಬದಲಾಗುತ್ತದೆ. ನನ್ನದರಲ್ಲಿ ಆ ಸೌಕರ್ಯ ಇಲ್ಲ. ನಾನು ಮನೆಯಲ್ಲಿ ಕಲಿತದ್ದೆಲ್ಲ ಬಿಳಿ ಒಂದರಲ್ಲಿ, ಅಂದರೆ ಸಪ್ತಕದ ಮೊದಲನೇ ಬಿಳಿ ಕೀಯನ್ನೇ ಷಡ್ಜ (ಸ) ಮಾಡಿಕೊಂಡು. ಶುದ್ಧ ಸ್ವರ ಎಲ್ಲ ಬಿಳಿ ಕೀ, ಕಣ್ಣು ಮುಚ್ಚಿಕೊಂಡು ನುಡಿಸಬಹುದು. ಮೊದಲ ಶನಿವಾರ ಗುಡಿಗೆ ಹೋದೆ. ಹಾಡುವ ಹಿರಿಯರು ಗಂಟಲು ಸರಿಮಾಡಿಕೊಂಡು, "ಕರಿ ಎರಡು ಹಿಡೀರಿ" ಅಂದರು. ಹಿಡಿದೆ. ಷಡ್ಜ ಸಿಕ್ಕಿತು, ಆಮೇಲೆ ಏನೂ ಸಿಗಲಿಲ್ಲ. ಇಡೀ ಪದ ಮುಗಿಯುವವರೆಗೆ ಸ, ಪ ಎರಡನ್ನೇ ಒತ್ತಿಕೊಂಡು ಕೂತಿದ್ದೆ. ತಬಲಾದವರು ನಕ್ಕರು ಅಂತ ನನಗೆ ಈಗಲೂ ಅನುಮಾನ.

ಅವತ್ತಿನಿಂದ ಒಂದೊಂದೇ ಶ್ರುತಿ ಹಿಡಿದು ಕೂತೆ. ಕರಿ ಎರಡರಲ್ಲಿ ಶುದ್ಧ ಸ್ವರ ನುಡಿಸಿದರೆ ಸ, ಮ, ಪ ಮೂರು ಕರಿ, ಉಳಿದದ್ದು ಬಿಳಿ. ಬಿಳಿ ನಾಲ್ಕರಲ್ಲಿ ಮಧ್ಯಮ ಒಂದೇ ಕರಿ. ಕರಿ ಮೂರರಲ್ಲಿ ಭೂಪ ರಾಗ ನುಡಿಸಿ ನೋಡಿ, ಐದೂ ಸ್ವರ ಕರಿ ಕೀ ಮೇಲೇ ಬರುತ್ತವೆ. ಅದು ಗೊತ್ತಾದ ರಾತ್ರಿ ಹನ್ನೊಂದು ಗಂಟೆವರೆಗೆ ಭೂಪ ಬಾರಿಸಿ ಪಕ್ಕದ ಮನೆಯವರಿಂದ ಬೈಸಿಕೊಂಡಿದ್ದೇನೆ. ಒಟ್ಟು ಮೂರು ವರ್ಷ ಹಿಡಿಯಿತು. ಈಗ ಯಾರು ಯಾವ ಶ್ರುತಿ ಕೇಳಿದರೂ ಬೆರಳು ತಾನೇ ಹೋಗುತ್ತದೆ. ನಮ್ಮ ಮಂಡಳಿಯಲ್ಲೇ ಒಬ್ಬರ ಹತ್ತಿರ ಸ್ಕೇಲ್ ಚೇಂಜರ್ ಇದೆ. ನಾದ ಚೆನ್ನಾಗಿದೆ, ಸುಳ್ಳು ಹೇಳಬಾರದು. ಆದರೆ ಎತ್ತಲು ಇಬ್ಬರು ಬೇಕು, ಮತ್ತೆ ಅವರು ಬೇರೆ ಪೇಟಿ ಮುಂದೆ ಕೂತರೆ ಕಕ್ಕಾಬಿಕ್ಕಿ ಆಗುತ್ತಾರೆ.

ಈ ವಾದ್ಯದ ನಿಜವಾದ ದೋಷ ಬೇರೆ ಇದೆ. ಅದಕ್ಕೆ ಯಾವ ಅಂಗಡಿಯವರನ್ನೂ ಬೈದು ಉಪಯೋಗವಿಲ್ಲ. ಎಲ್ಲ ಶ್ರುತಿಯಲ್ಲೂ ನುಡಿಸಲು ಆಗಬೇಕು ಅಂದರೆ ಹನ್ನೆರಡು ಸ್ವರಗಳನ್ನು ಸಮ ಅಂತರದಲ್ಲಿ ಕೂರಿಸಬೇಕು. ಒಂದು ಸಪ್ತಕಕ್ಕೆ 1200 ಸೆಂಟ್ ಅಂತ ಅಳತೆ. ತಂಬೂರಿಯಿಂದ ತಾನಾಗಿ ಹೊಮ್ಮುವ ಗಾಂಧಾರ (ಗ) ಷಡ್ಜದಿಂದ 386ರ ಹತ್ತಿರ ಇರುತ್ತದೆ, ಪೇಟಿಯದು 400. ಈ 14 ಸೆಂಟ್ ಭಜನೆಯ ತಾಳದ ಸದ್ದಿನಲ್ಲಿ ಗೊತ್ತಾಗುವುದಿಲ್ಲ. ಮನೆಯಲ್ಲಿ ತಂಬೂರಿ ಪೆಟ್ಟಿಗೆ ಹಾಕಿಕೊಂಡು ಗಾಂಧಾರದ ಮೇಲೆ ನಿಂತು ನೋಡಿ, ಹಲ್ಲಿಗೆ ಮರಳು ಸಿಕ್ಕ ಹಾಗೆ. ಜೊತೆಗೆ ಮೀಂಡ್, ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು, ಬರುವುದಿಲ್ಲ. ಆಕಾಶವಾಣಿಯಲ್ಲಿ 1940ರಿಂದ 1971ರವರೆಗೆ ಹಾರ್ಮೋನಿಯಂಗೆ ಬಾಗಿಲು ಹಾಕಿದ್ದಕ್ಕೆ ಕೊಟ್ಟ ಕಾರಣಗಳೂ ಇಂಥವೇ. ನನಗೆ ಅದು ಅತಿಯಾಯಿತು ಅನ್ನಿಸುತ್ತದೆ. ಬೆಳಗಾವಿಯ ಹಾರ್ಮೋನಿಯಂ ವಾದಕ ಪಂಡಿತ ರಾಮಭಾವು ವಿಜಾಪುರೆ ಅವರ ಧ್ವನಿಮುದ್ರಣ ಕೇಳುವಾಗ ನನಗೆ ಸೆಂಟ್ ಲೆಕ್ಕ ನೆನಪಾಗುವುದೇ ಇಲ್ಲ. ಸದಾ ಒಂದೇ ಶ್ರುತಿಯಲ್ಲಿ ನುಡಿಸುವವರಾದರೆ ಆ ಷಡ್ಜಕ್ಕೆ ಹೊಂದುವ ಹಾಗೆ ಗಾಂಧಾರ ಟ್ಯೂನಿಂಗ್ ಮಾಡಿಸಿಕೊಳ್ಳಬಹುದು. ನನ್ನಂಥ ಊರೆಲ್ಲರ ಗಂಟಲಿಗೆ ಓಡಾಡುವವಳಿಗೆ ಅದು ಆಗದ ಮಾತು.

ರಿಪೇರಿ. 24 ವರ್ಷದಲ್ಲಿ ದೊಡ್ಡದು ಅಂದರೆ ಎರಡು ಸಲ. ಒಮ್ಮೆ ಒಂದು ಅಂಗಡಿಗೆ, ಹೆಸರು ಬೇಡ, ಟ್ಯೂನಿಂಗ್‌ಗೆ ಕೊಟ್ಟಿದ್ದೆ. ರೀಡ್ ಅಂದರೆ ಹಿತ್ತಾಳೆಯ ತೆಳು ನಾಲಿಗೆ. ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಅವರು ಎರಡೂ ಕಡೆ ಕೆರೆದೂ ಕೆರೆದೂ ಮೂರು ರೀಡ್ ಸಣಕಲು ಮಾಡಿ, ಯಾವುದೋ ಅಗ್ಗದ ರೀಡ್ ಕೂರಿಸಿ ಕೊಟ್ಟರು. ಆ ಮೂರು ಸ್ವರಕ್ಕೆ ನೆಗಡಿ ಆದ ಹಾಗಿತ್ತು.

ಎರಡನೆಯದು ನನ್ನದೇ ತಪ್ಪು. ಮಗನ ಪಿಯುಸಿ ಅಂತ ಎರಡು ವರ್ಷ ಪೇಟಿಯನ್ನು ಅಟ್ಟದ ಮೇಲೆ ಇಟ್ಟಿದ್ದೆ. ಇಳಿಸಿದಾಗ ತಿದಿಯ ಚರ್ಮವನ್ನು ಇಲಿ ತಿಂದಿತ್ತು, ಕೀಗಳು ಹಿಡಿದುಕೊಂಡಿದ್ದವು. ವಯಸ್ಸಾದ ರಿಪೇರಿಯವರೊಬ್ಬರು ಮನೆಗೇ ಬಂದರು. ಎಲ್ಲ ಬಿಚ್ಚಿ ಚಾಪೆ ಮೇಲೆ ಹರವಿ, ಚಹಾ ಕುಡಿಯುತ್ತ ಹೇಳಿದರು: "ಅಕ್ಕಾರ, ಇದನ್ನ ಇಲಿ ಕೆಡಿಸಿಲ್ಲರಿ. ನೀವು ಎರಡು ವರ್ಷ ಮಾತಾಡಿಸಿಲ್ಲಲ್ಲ, ಅದಕ್ಕ ಕೆಟ್ಟದ." ತಿದಿ ಬದಲಿಸಿ, ನೆಗಡಿಯ ಮೂರು ರೀಡನ್ನೂ ತೆಗೆದು ಬೇರೆ ಹಾಕಿ 2,200 ತೆಗೆದುಕೊಂಡರು. ಅವರು ಕೆಲಸ ಮಾಡುವುದನ್ನು ಪಕ್ಕದಲ್ಲೇ ಕೂತು ನೋಡಿದೆ. ಅದರಿಂದ ಆಮೇಲೆ ತುಂಬಾ ದುಡ್ಡು ಉಳಿಯಿತು. ಒಂದು ಜೂನ್‌ನಲ್ಲಿ ಪಂಚಮ ಇದ್ದಕ್ಕಿದ್ದ ಹಾಗೆ ಗಂಟಲು ಕಟ್ಟಿದಂತೆ ಆಯಿತು. ನಾನೇ ಸ್ಕ್ರೂ ಬಿಚ್ಚಿ ನೋಡಿದರೆ ರೀಡಿನ ಸಂದಿಯಲ್ಲಿ ಮಳೆಹುಳದ ಒಂದು ರೆಕ್ಕೆ! ಪರ್ಸಿನಲ್ಲಿದ್ದ ಬಸ್ ಟಿಕೆಟ್ ತೂರಿಸಿ ಮೆಲ್ಲಗೆ ಎಳೆದೆ, ರೆಕ್ಕೆ ಬಂತು, ಪಂಚಮವೂ ಬಂತು. ಬ್ಲೇಡು, ಪಿನ್ನು ಹಾಕಬೇಡಿ, ನಾಲಿಗೆ ಡೊಂಕಾಗುತ್ತದೆ.

ಕೊಳ್ಳುವವರಿಗೆ ಅಂಗಡಿಯಲ್ಲೇ ನೋಡುವ ಎರಡು ಪರೀಕ್ಷೆ. ರೀಡಿಗೆ ಗಾಳಿ ಬಿಡುವ ಸ್ಟಾಪರ್ ಎಲ್ಲ ಮುಚ್ಚಿ ತಿದಿ ಹಾಕಿ. ಸ್ವಲ್ಪ ಹೊತ್ತಿಗೆ ಬಿರುಸಾಗಿ ಕೈಗೆ ಎದುರು ಒತ್ತಬೇಕು. ಮೆತ್ತಗೆ ಕುಸಿಯುತ್ತಾ ಹೋದರೆ ಎಲ್ಲೋ ಗಾಳಿ ಸೋರುತ್ತಿದೆ. ಆಮೇಲೆ ಸ್ಟಾಪರ್ ತೆಗೆದು, ಯಾವ ಕೀಯೂ ಒತ್ತದೆ ಗಾಳಿ ಹಾಕಿ. ಆಗಲೂ ಸ್ವರ ಕೇಳಿಸಿದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ. ಪಾಲಿಶ್ ನೋಡಿ ಮರುಳಾಗಬೇಡಿ. ನನ್ನದರ ಪಾಲಿಶ್ ಹೋಗಿ ಹದಿನೈದು ವರ್ಷ ಆಯಿತು.

ನಾನು ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಅರ್ಧ ಗಾಂಧಾರಕ್ಕೆ ಕಳೆದದ್ದು, ಇನ್ನರ್ಧ ಮಳೆಗಾಲಕ್ಕೆ. ನಮ್ಮ ಧಾರವಾಡದ ಜಿಟಿಜಿಟಿ ಮಳೆ ಶುರುವಾದರೆ ಮರ ಉಬ್ಬಿ ಮಂದ್ರದ ಒಂದು ಕೀ ಕೆಳಗೆ ಹೋದದ್ದು ಮೇಲೆ ಬರುವುದೇ ಇಲ್ಲ, ಬೆರಳಲ್ಲಿ ಎತ್ತಬೇಕು. ಮೊನ್ನೆಯಿಂದ ಮತ್ತೆ ಹಿಡಿದಿದೆ. ಕರಿ ಎರಡಕ್ಕೆ ಅದೇ ಧೈವತ. ಮುಚ್ಚಳ ತೆಗೆದು ಅಡುಗೆಮನೆಯಲ್ಲಿ ಒಲೆಯಿಂದ ಸ್ವಲ್ಪ ದೂರ ಇಟ್ಟಿದ್ದೇನೆ. ಶನಿವಾರದೊಳಗೆ ಬಿಡಬೇಕು.