ಮುಖದ ಕ್ರೀಮಿಗೆ ಪಾಚಿ ಎಣ್ಣೆ: ತುಮಕೂರಿನ ಬಿಸಿಲಲ್ಲಿ ಬಳಸಿ ಕಂಡದ್ದು

ಪಾಚಿ ಎಣ್ಣೆಯ ಹೆಸರಲ್ಲಿ ಸಿಗುವ ಬಾಟಲಿಗಳಲ್ಲಿ ಕ್ರೀಮಿಗೆ ಒಗ್ಗುವುದು ಒಲೀಕ್ ಆಮ್ಲ ಎಂಬ ಕೊಬ್ಬಿನಾಮ್ಲ ಹೆಚ್ಚಿರುವ ಬಗೆ ಮಾತ್ರ. ಸೂಕ್ಷ್ಮಪಾಚಿಗೆ ಕತ್ತಲೆಯ ಸ್ಟೀಲ್ ಟ್ಯಾಂಕಿನಲ್ಲಿ ಸಕ್ಕರೆ ತಿನ್ನಿಸಿ ಬೆಳೆಸಿ ತೆಗೆದ ಈ ಎಣ್ಣೆ ತೆಳು ಹಳದಿ, ವಾಸನೆ ಇಲ್ಲವೆನ್ನುವಷ್ಟು ಕಡಿಮೆ. ಕಡು ಹಸಿರಾಗಿದ್ದರೆ ಲೇಬಲ್ ಓದಿ. ಸ್ಪಿರುಲಿನಾ ಪುಡಿಯನ್ನು ಸೂರ್ಯಕಾಂತಿ ಎಣ್ಣೆಯಲ್ಲಿ ನೆನೆಸಿ ಸೋಸಿದ್ದಕ್ಕೂ ಇದೇ ಹೆಸರು ಇಟ್ಟಿರುತ್ತಾರೆ.

ಡಿಎಚ್‌ಎ ಎಂಬ ಒಮೆಗಾ-3 ಕೊಬ್ಬಿನಾಮ್ಲ ಇರುವ ಪಾಚಿ ಎಣ್ಣೆ ತಿನ್ನುವ ಕ್ಯಾಪ್ಸೂಲಿಗೆ ಸರಿ, ಕ್ರೀಮಿಗೆ ದಂಡ. ಆ ಆಮ್ಲದ ಒಂದು ಅಣುವಿನಲ್ಲಿ ಆರು ಜೋಡಿಬಂಧ, ಅಂದರೆ ಗಾಳಿಯ ಆಮ್ಲಜನಕ ಸುಲಭವಾಗಿ ಕೈ ಹಾಕುವ ಜಾಗಗಳು. ಗಾಳಿ, ಬೆಳಕು, ಏಪ್ರಿಲ್ ತಿಂಗಳ ತುಮಕೂರಿನ ಸೆಕೆ ಸೇರಿದರೆ ಬೇಗನೆ ಮೀನಿನ ವಾಸನೆ ಹೊಡೆಯುತ್ತದೆ. ಒಲೀಕ್‌ನಲ್ಲಿ ಜೋಡಿಬಂಧ ಒಂದೇ. ಹಾಗಾಗಿ ಅದು ಕಮಟಾಗುವುದು ನಿಧಾನ.

100 ಗ್ರಾಂ ಕ್ರೀಮಿಗೆ ಒಗ್ಗಿರುವ ಅಳತೆ: ಡಿಸ್ಟಿಲ್ಡ್ ವಾಟರ್ 72.3, ಗ್ಲಿಸರಿನ್ 4, ಇಡಿಟಿಎ (ಲೋಹದ ಅಂಶವನ್ನು ಹಿಡಿದಿಡುವ ಪುಡಿ) 0.1, ಪಾಚಿ ಎಣ್ಣೆ 14, ಎಮಲ್ಸಿಫೈಯಿಂಗ್ ವ್ಯಾಕ್ಸ್ (ನೀರು-ಎಣ್ಣೆ ಬೆರೆಸುವ ಮೇಣ) 6, ಸೀಟೈಲ್ ಆಲ್ಕೋಹಾಲ್ (ಕ್ರೀಮನ್ನು ಗಟ್ಟಿ ಮಾಡುವ ಮೇಣದಂಥ ವಸ್ತು) 2, ವಿಟಮಿನ್ ಇ 0.5, ಪ್ರಿಸರ್ವೇಟಿವ್ 1, ಶೇ 10ರ ಅಸ್ಟಾಜ್ಯಾಂಥಿನ್ ರಾಳ (ಕೆಂಪು ಬಣ್ಣ) 0.1. ನೀರು, ಗ್ಲಿಸರಿನ್, ಇಡಿಟಿಎ ಒಂದು ಪಾತ್ರೆಗೆ. ಎಣ್ಣೆ, ವ್ಯಾಕ್ಸ್, ಸೀಟೈಲ್ ಇನ್ನೊಂದಕ್ಕೆ. ಎರಡನ್ನೂ 75 ಡಿಗ್ರಿಗೆ ತನ್ನಿ. ನೀರು ತಣ್ಣಗಿದ್ದರೆ ವ್ಯಾಕ್ಸ್ ಸುರಿದ ಕೂಡಲೇ ಗಟ್ಟಿಯಾಗಿ ಕ್ರೀಮಿನಲ್ಲಿ ಹರಳು ಹರಳು ಉಳಿಯುತ್ತದೆ. ನೀರಿಗೆ ಎಣ್ಣೆ ಸುರಿದು, ಸ್ಟಿಕ್ ಬ್ಲೆಂಡರಿನ ತಲೆ ಪೂರ್ತಿ ಮುಳುಗಿರುವಂತೆ ಹಿಡಿದು ಬಿಟ್ಟು ಬಿಟ್ಟು ತಿರುಗಿಸಿ. ತಲೆ ಮೇಲೆ ಬಂದರೆ ಗಾಳಿ ಸೇರಿ ನೊರೆಯಾಗುತ್ತದೆ. 40 ಡಿಗ್ರಿಗೆ ಇಳಿದ ಮೇಲೆ ಉಳಿದ ಮೂರನ್ನು ಬೆರೆಸಿ, ಪಿಎಚ್ 5ರಿಂದ 5.5ರೊಳಗೆ ಇದೆಯೇ ನೋಡಿ.

ಬೋರ್‌ವೆಲ್ ನೀರು ಬೇಡವೇ ಬೇಡ, ಕುದಿಸಿದರೂ ಬೇಡ. ನಮ್ಮ ಕಡೆಯ ಗಡಸು ನೀರಿನ ಕ್ಯಾಲ್ಸಿಯಂ ಕೆಲವು ಬಗೆಯ ವ್ಯಾಕ್ಸ್ ಜೊತೆ ಸೇರಿ ಕ್ರೀಮನ್ನು ಒಡೆಸುತ್ತದೆ, ಅದರಲ್ಲಿನ ಕಬ್ಬಿಣದ ಅಂಶ ಎಣ್ಣೆಯನ್ನು ಬೇಗ ಕೆಡಿಸುತ್ತದೆ. ವಿಟಮಿನ್ ಇ ಹಾಕಿದ್ದೇವೆ, ಪ್ರಿಸರ್ವೇಟಿವ್ ಯಾಕೆ ಎನ್ನುವವರೂ ಇದ್ದಾರೆ. ವಿಟಮಿನ್ ಇ ಎಣ್ಣೆಯನ್ನು ಕಾಯುತ್ತದೆ ಅಷ್ಟೇ. ನೀರಿರುವ ಕ್ರೀಮಿನಲ್ಲಿ ಬೂಷ್ಟು ತಡೆಯುವುದು ಅದರ ಕೆಲಸವಲ್ಲ.

ಅಸ್ಟಾಜ್ಯಾಂಥಿನ್ ಹೆಮಟೋಕಾಕಸ್ ಎಂಬ ಪಾಚಿಯ ಕೆಂಪು. 0.1 ಗ್ರಾಂ ರಾಳಕ್ಕೇ ಕ್ರೀಮು ತಿಳಿ ಕಿತ್ತಳೆಗೆ ತಿರುಗುತ್ತದೆ, ಹೆಚ್ಚಿಸಿದರೆ ದಿಂಬಿನ ಕವರಿಗೆ ಕಲೆ. ಬೆಳಕಿಗೆ ಬಣ್ಣ ಮಾಸುವುದರಿಂದ ಪಾರದರ್ಶಕ ಡಬ್ಬಿ ಬೇಡ. ಗಾಳಿಯಾಡದ ಪಂಪ್ ಬಾಟಲಿ ಒಳ್ಳೆಯದು. ಇದನ್ನು ಸನ್‌ಸ್ಕ್ರೀನ್ ಎಂದು ನಂಬಿ ಬಿಸಿಲಿಗೆ ಹೋಗಬೇಡಿ.

ಒಲೀಕ್ ಬಗೆಯ ಪಾಚಿ ಎಣ್ಣೆಗೆ ಚರ್ಮದ ಮೇಲೆ ಜಿಡ್ಡು ಕೊಬ್ಬರಿ ಎಣ್ಣೆಗಿಂತ ಕಡಿಮೆ, ಬೇಗ ಹರಡುತ್ತದೆ. ಕೊಬ್ಬರಿ ಎಣ್ಣೆ 24 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುತ್ತದೆ. ಚಿಕ್ಕಬಳ್ಳಾಪುರದ ಡಿಸೆಂಬರ್ ಬೆಳಗಿನ ಚಳಿಗೂ ಪಾಚಿ ಎಣ್ಣೆ ಹರಿಯುತ್ತಲೇ ಇರುತ್ತದೆ. ಚಳಿಗಾಲದಲ್ಲಿ ಒಡೆಯುವ ಒಣ ಚರ್ಮಕ್ಕೆ ಹೇಳಿ ಮಾಡಿಸಿದಂತಿದೆ. ಮೊಡವೆ ಇರುವವರು ದವಡೆಯ ಬಳಿ ಸ್ವಲ್ಪ ಜಾಗದಲ್ಲಿ ಹಚ್ಚಿ ನೋಡಿ. ತಲೆಹೊಟ್ಟಿಗಂತೂ ಬೇಡ, ಅದಕ್ಕೆ ಕಾರಣವಾಗುವ ಮಲಸೇಜಿಯಾ ಯೀಸ್ಟಿಗೆ ಇಂಥ ಕೊಬ್ಬೇ ಊಟ. ಸುಕ್ಕು ಮಾಯವಾಗುತ್ತದೆ ಎಂಬ ಜಾಹೀರಾತಿಗೆ ಅಂಕ ಕೊಡಲಾರೆವು.

ಒಲೀಕ್ ಬಗೆಗೆ ಐದಕ್ಕೆ ನಾಲ್ಕು, ಡಿಎಚ್‌ಎ ಬಗೆಗೆ ಒಂದು. ಕಡಿತವಾದ ಒಂದು ಅಂಕ ಬೆಲೆಗೆ. ಕೊಳ್ಳುವಾಗ ಬ್ಯಾಚಿನ ಪರೀಕ್ಷಾ ವರದಿ ಕೇಳಿ, ಪೆರಾಕ್ಸೈಡ್ ಮೌಲ್ಯ (ಎಣ್ಣೆ ಎಷ್ಟು ಕೆಟ್ಟಿದೆ ಎಂಬ ಅಳತೆ) ನೋಡಿ. ಹೊಸ ಎಣ್ಣೆಯಲ್ಲೇ ಅದು 10 ದಾಟಿದ್ದರೆ ವಾಪಸ್ ಕಳಿಸಿ. ಮಾಡಿ ಮಾರುವ ಯೋಚನೆಯಿದ್ದರೆ 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ತಯಾರಿಕಾ ಲೈಸೆನ್ಸ್ ಮೊದಲು ಮಾಡಿಸಬೇಕು.